ನಗೆ ಯಾರ ಮೇಲೆ? – ‘ಸೋಪ್’ ಎಂಬ ಹಳೆಯ ಹಾಸ್ಯ ಧಾರಾವಾಹಿಯ ನೆನಪು

ಹಾಸ್ಯ ಕಾರ್ಯಕ್ರಮ ನೋಡುತ್ತೇವೆ, ನಗುತ್ತೇವೆ, ಮರೆಯುತ್ತೇವೆ. ಆದರೆ ನಕ್ಕದ್ದು ಏತಕ್ಕೆ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ಒಬ್ಬನ ಮಾತಿನ ಚುರುಕಿಗೆ ನಕ್ಕೆವೇ? ಅವನು ಸಿಕ್ಕಿಬಿದ್ದ ಪೇಚಿಗೆ ನಕ್ಕೆವೇ? ಅಥವಾ ಅವನು ಹುಟ್ಟಿನಿಂದ ಇರುವ ರೀತಿಗೇ ನಕ್ಕೆವೇ? ಈ ಮೂರೂ ಬೇರೆ ಬೇರೆ ನಗೆಗಳು. ಈ ವ್ಯತ್ಯಾಸವನ್ನು ನನಗೆ ಮನಗಾಣಿಸಿದ್ದು ಒಂದು ಹಳೆಯ ಅಮೆರಿಕನ್ ಹಾಸ್ಯ ಧಾರಾವಾಹಿ. ಅದರ ಹೆಸರು ‘ಸೋಪ್’. ಅದರಲ್ಲಿ ಬರುವ ಜೋಡಿ ಡಲ್ಲಾಸ್ ಎಂಬ ಯುವಕನ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಹೆಸರಿನ ವಿಚಾರ. ಅಮೆರಿಕದಲ್ಲಿ 1930ರ ದಶಕದಿಂದ ಹಗಲು ಹೊತ್ತಿನಲ್ಲಿ ಗೃಹಿಣಿಯರಿಗಾಗಿ ರೇಡಿಯೋ ನಾಟಕಗಳು ಕಂತು ಕಂತಾಗಿ ಬರುತ್ತಿದ್ದವು. ಅವುಗಳ ಖರ್ಚು ಹೊರುತ್ತಿದ್ದವರು ಹೆಚ್ಚಾಗಿ ಸಾಬೂನು ತಯಾರಕರು. ಹೀಗಾಗಿ ಅತ್ತೆ-ಸೊಸೆ, ಪ್ರೇಮ-ದ್ರೋಹ, ಗುಟ್ಟು-ಕಣ್ಣೀರುಗಳ ಇಂಥ ಕಥೆಗಳಿಗೆ ‘ಸೋಪ್ ಒಪೆರಾ’ ಎಂಬ ಹೆಸರು ಬಿತ್ತು. ಈ ಕಣ್ಣೀರಿನ ಧಾರಾವಾಹಿಗಳನ್ನೇ ಅಣಕಿಸಲು ಹುಟ್ಟಿದ್ದು ‘ಸೋಪ್’. ಎ.ಬಿ.ಸಿ. ಜಾಲದಲ್ಲಿ 1977ರ ಸೆಪ್ಟೆಂಬರ್ 13ರಂದು ಆರಂಭವಾಗಿ 1981ರ ಏಪ್ರಿಲ್ 20ರಂದು ಮುಗಿಯಿತು. ಇದನ್ನು ಸೃಷ್ಟಿಸಿದವರು ಸೂಸನ್ ಹ್ಯಾರಿಸ್ ಎಂಬ ಲೇಖಕಿ. ಮುಂದೆ 1985ರಲ್ಲಿ ‘ದಿ ಗೋಲ್ಡನ್ ಗರ್ಲ್ಸ್’ ಎಂಬ ಜನಪ್ರಿಯ ಧಾರಾವಾಹಿಯನ್ನು ಕೊಟ್ಟವರೂ ಅವರೇ.

ಕಥೆ ಇಬ್ಬರು ಅಕ್ಕತಂಗಿಯರದು. ಜೆಸ್ಸಿಕಾ ಟೇಟ್ ಶ್ರೀಮಂತೆ, ಮೇರಿ ಕ್ಯಾಂಪ್‌ಬೆಲ್ ಮಧ್ಯಮ ವರ್ಗದವಳು. ಈ ಎರಡು ಮನೆಗಳಲ್ಲಿ ಆಗಬಾರದ್ದೆಲ್ಲ ಆಗುತ್ತದೆ. ಕೊಲೆ ನಡೆಯುತ್ತದೆ, ನ್ಯಾಯಾಲಯದಲ್ಲಿ ವಿಚಾರಣೆ ನಡೆಯುತ್ತದೆ. ಒಬ್ಬ ಮಗ ಭೂಗತ ದೊರೆಗಳ ಕೈಗೆ ಸಿಕ್ಕಿಕೊಳ್ಳುತ್ತಾನೆ. ಮೇರಿಯ ಎರಡನೆಯ ಗಂಡ ಬರ್ಟ್‌ನನ್ನು ಅನ್ಯಗ್ರಹದವರು ಎತ್ತಿಕೊಂಡು ಹೋಗುತ್ತಾರೆ! ಪ್ರತಿ ಕಂತಿನ ಮೊದಲಲ್ಲಿ ಗಂಭೀರ ದನಿಯ ನಿರೂಪಕ ಈವರೆಗಿನ ಕಥೆಯನ್ನು ಹೇಳಿ, ನಿಮಗೆ ಗೊಂದಲವಾಯಿತೇ ಎಂದು ವಿಚಾರಿಸುತ್ತಿದ್ದ. ಕಥೆ ಕೇಳಿದವರಿಗೆ ಗೊಂದಲವಾಗದೆ ಇರುತ್ತಿರಲಿಲ್ಲ. ನಾನು ಇದನ್ನು ನೋಡಿದ್ದು ಪ್ರಸಾರವಾಗಿ ಎಷ್ಟೋ ವರ್ಷಗಳಾದ ಮೇಲೆ, ಡಿವಿಡಿಗಳಲ್ಲಿ. ಆದರೂ ಆ ಎರಡು ಮನೆಗಳ ಜನ ನೆಂಟರಷ್ಟೇ ಪರಿಚಿತರಾಗಿ ಉಳಿದಿದ್ದಾರೆ.

ಮೇರಿಯ ಮೊದಲ ಗಂಡನಿಂದ ಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬ ಜೋಡಿ. ಅವನು ಸಲಿಂಗಪ್ರೇಮಿ, ಅಂದರೆ ಗಂಡಾಗಿದ್ದು ಗಂಡನ್ನೇ ಪ್ರೀತಿಸುವವನು. ಆ ಪಾತ್ರವನ್ನು ವಹಿಸಿದ್ದು ಆಗ 29 ವರ್ಷದ ಬಿಲ್ಲಿ ಕ್ರಿಸ್ಟಲ್. ಮುಂದೆ ಚಲನಚಿತ್ರಗಳಿಂದಲೂ ಆಸ್ಕರ್ ಪ್ರಶಸ್ತಿ ಸಮಾರಂಭದ ನಿರೂಪಣೆಯಿಂದಲೂ ಜಗತ್ತಿಗೆ ಪರಿಚಿತರಾದ ನಟ ಇವರೇ.

ಇಂಥ ಪಾತ್ರ ಅಮೆರಿಕದ ಕಿರುತೆರೆಯಲ್ಲಿ ಇದೇ ಮೊದಲಲ್ಲ. 1971ರ ಫೆಬ್ರವರಿಯಲ್ಲಿ ‘ಆಲ್ ಇನ್ ದಿ ಫ್ಯಾಮಿಲಿ’ ಎಂಬ ಧಾರಾವಾಹಿಯ ಒಂದು ಕಂತಿನಲ್ಲಿ, ಕಥಾನಾಯಕನಾದ ಆರ್ಚಿ ಬಂಕರ್ ನಾಜೂಕಾಗಿ ಮಾತನಾಡುವ ಒಬ್ಬ ಯುವಕನನ್ನು ಕಂಡು ಹೀಯಾಳಿಸುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಸಲಿಂಗಪ್ರೇಮಿ ಆ ಯುವಕನಲ್ಲ. ಆರ್ಚಿಯೇ ಮೆಚ್ಚಿಕೊಂಡಿದ್ದ ಗಟ್ಟಿಮುಟ್ಟಾದ ಮಾಜಿ ಫುಟ್‌ಬಾಲ್ ಆಟಗಾರ. ಈ ಕಂತಿನ ಬಗ್ಗೆ ಆಗಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ತಮ್ಮ ಕಚೇರಿಯಲ್ಲಿ ಸಿಡಿಮಿಡಿಗೊಂಡು ಆಡಿದ ಮಾತು ಅಲ್ಲಿನ ಧ್ವನಿಸುರುಳಿಗಳಲ್ಲಿ ದಾಖಲಾಗಿದೆ. 1972ರಲ್ಲಿ ‘ದಿ ಕಾರ್ನರ್ ಬಾರ್’ ಎಂಬ ಅಲ್ಪಾಯುಷಿ ಧಾರಾವಾಹಿಯಲ್ಲಿ ಇಂಥದೊಂದು ಖಾಯಂ ಪಾತ್ರವೂ ಬಂತು. ಅದು ಹಾಸ್ಯಾಸ್ಪದ ಅಚ್ಚಿನ ಪಾತ್ರವೆಂದು ಟೀಕೆಗೆ ಒಳಗಾಯಿತು. ಆದರೆ ಕಥೆಯ ಮುಖ್ಯ ಕುಟುಂಬದೊಳಗೆ, ಮನೆಮಗನಾಗಿ, ವರ್ಷಗಟ್ಟಲೆ ನಮ್ಮ ಎದುರು ಬದುಕಿದವನು ಜೋಡಿ.

ಕಾಲವನ್ನೂ ಗಮನಿಸಬೇಕು. ಸಲಿಂಗಪ್ರೇಮವನ್ನು ಮಾನಸಿಕ ರೋಗಗಳ ಪಟ್ಟಿಯಿಂದ ಅಮೆರಿಕದ ಮನೋವೈದ್ಯರ ಸಂಘ ಕೈಬಿಟ್ಟದ್ದು 1973ರ ಡಿಸೆಂಬರಿನಲ್ಲಿ. ‘ಸೋಪ್’ ಆರಂಭವಾದಾಗ ಅದಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಅದೇ ಹೆಜ್ಜೆ ಇಟ್ಟದ್ದು 1990ರಲ್ಲಿ. ವಿಜ್ಞಾನ ಒಂದು ತೀರ್ಮಾನಕ್ಕೆ ಬಂದ ಕೂಡಲೇ ಜನರ ಮನಸ್ಸು ಬದಲಾಗಿಬಿಡುವುದಿಲ್ಲ. ಪತ್ರಿಕೆ, ಪಾಠಶಾಲೆ, ಪಕ್ಕದ ಮನೆ, ಇವುಗಳ ಮೂಲಕ ಆ ತೀರ್ಮಾನ ನಿಧಾನವಾಗಿ ಇಳಿದುಬರಬೇಕು. ಆ ದಾರಿಯಲ್ಲಿ ಟೆಲಿವಿಷನ್ ಸಹ ಒಂದು ಮೆಟ್ಟಿಲು.

ಆ ಮೆಟ್ಟಿಲು ಹತ್ತುವ ಮೊದಲೇ ಗದ್ದಲ ಎದ್ದಿತು. ಒಂದು ಕಂತೂ ಪ್ರಸಾರವಾಗುವ ಮುನ್ನ, ಪತ್ರಿಕಾ ವರದಿಗಳನ್ನು ಓದಿಯೇ ಜನ ಕೆರಳಿದರು. ಜಾಲಕ್ಕೆ ಬಂದ ಪ್ರತಿಭಟನೆಯ ಪತ್ರಗಳು ಸುಮಾರು 32,000 ಎಂದು ಆಗ ವರದಿಯಾಗಿತ್ತು. ಧಾರ್ಮಿಕ ಸಂಘಟನೆಗಳು ವಿರೋಧಿಸಿದವು. ಕೆಲವು ಸ್ಥಳೀಯ ಕೇಂದ್ರಗಳು ಪ್ರಸಾರ ಮಾಡಲು ಒಪ್ಪಲಿಲ್ಲ. ಇನ್ನು ಕೆಲವು ಸರಿರಾತ್ರಿಗೆ ಮುಂದೂಡಿದವು. ಕುತೂಹಲದ ಸಂಗತಿಯೆಂದರೆ, ಸಲಿಂಗಪ್ರೇಮಿಗಳ ಹಕ್ಕುಗಳಿಗಾಗಿ ದುಡಿಯುತ್ತಿದ್ದವರೂ ಆಕ್ಷೇಪಿಸಿದರು. ಮೊದಲಿನವರಿಗೆ ಅಂಥ ಪಾತ್ರ ತೆರೆಯ ಮೇಲೆ ಬರುವುದೇ ಬೇಡವಾಗಿತ್ತು. ಎರಡನೆಯವರಿಗೆ, ಬಂದರೆ ನಗೆಪಾಟಲಾಗಿ ಬರುತ್ತದೆ ಎಂಬ ಭಯವಿತ್ತು.

ಆ ಭಯ ನಿರಾಧಾರವಾಗಿರಲಿಲ್ಲ. ಆರಂಭದ ಕಂತುಗಳಲ್ಲಿ ಜೋಡಿ ತಾಯಿಯ ಉಡುಪು ತೊಟ್ಟು ಕಾಣಿಸಿಕೊಳ್ಳುತ್ತಾನೆ; ಜನ ನಗುತ್ತಾರೆ. ಹೆಸರಾಂತ ಫುಟ್‌ಬಾಲ್ ಆಟಗಾರನೊಬ್ಬನನ್ನು ಪ್ರೀತಿಸುತ್ತಾನೆ; ಲೋಕಾಪವಾದಕ್ಕೆ ಅಂಜುವ ಆ ಗೆಳೆಯನಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾಗಲು ಹೊರಡುತ್ತಾನೆ. ಇಲ್ಲಿ ಬರವಣಿಗೆ ಎರಡು ವಿಷಯಗಳನ್ನು ಕಲಸಿಬಿಟ್ಟಿದೆ. ನಮ್ಮ ಒಲವು ಯಾರ ಕಡೆಗೆ ಎಂಬುದು ಒಂದು. ನಾನು ಗಂಡೋ ಹೆಣ್ಣೋ ಎಂಬ ಒಳಗಿನ ಅರಿವು ಇನ್ನೊಂದು. ಗಂಡನ್ನು ಪ್ರೀತಿಸುವ ಗಂಡಸು ಹೆಣ್ಣಾಗಬೇಕೆಂದು ಬಯಸುತ್ತಾನೆ ಎನ್ನುವುದು ತಪ್ಪು ತಿಳಿವಳಿಕೆ. ಈ ತಪ್ಪು ಇಂದಿಗೂ ಅನೇಕರಲ್ಲಿದೆ, ಆದ್ದರಿಂದ ಇಲ್ಲಿ ಎತ್ತಿ ಹೇಳಿದೆ. ಕಥೆಗೆ ಮರಳೋಣ. ಆಸ್ಪತ್ರೆಗೆ ಸೇರಿದ ಜೋಡಿಯನ್ನು ಆ ಗೆಳೆಯ ಕೈಬಿಡುತ್ತಾನೆ. ಜೋಡಿ ಪ್ರಾಣ ಕಳೆದುಕೊಳ್ಳಲು ಪ್ರಯತ್ನಿಸುತ್ತಾನೆ, ಬದುಕಿ ಉಳಿಯುತ್ತಾನೆ. ಹಾಸ್ಯ ಧಾರಾವಾಹಿಯಲ್ಲಿ ನಗು ಸಂಪೂರ್ಣ ನಿಂತುಹೋಗುವ ಘಟ್ಟ ಇದು.

ಇಲ್ಲಿ ನಮ್ಮ ಕಸುಬಿನ ಒಂದು ವಿಷಯ ಹೇಳಬೇಕು. ಇಂಥ ಧಾರಾವಾಹಿಗಳನ್ನು ಸ್ಟುಡಿಯೋದಲ್ಲಿ ಪ್ರೇಕ್ಷಕರನ್ನು ಕೂರಿಸಿಕೊಂಡು, ಏಕಕಾಲಕ್ಕೆ ಹಲವು ಕ್ಯಾಮೆರಾಗಳಿಂದ ಚಿತ್ರಿಸುವ ಪದ್ಧತಿಯಿದೆ. 1951ರಲ್ಲಿ ಆರಂಭವಾದ ‘ಐ ಲವ್ ಲೂಸಿ’ಯಿಂದ ಈ ಪದ್ಧತಿ ಬೇರೂರಿತು. ನಟರ ಮಾತಿಗೆ ಒಂದು ಮೈಕು, ಪ್ರೇಕ್ಷಕರ ನಗೆಗೆ ಬೇರೆ ಮೈಕು. ನಗೆ ಸಾಲದಿದ್ದರೆ ಮೊದಲೇ ಮುದ್ರಿಸಿಟ್ಟ ನಗೆಯನ್ನು ಸೇರಿಸುವುದೂ ಉಂಟು. ಚಾರ್ಲ್ಸ್ ಡಗ್ಲಸ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಅದಕ್ಕೆಂದೇ ಒಂದು ಯಂತ್ರ ಕಟ್ಟಿದ್ದರು. ನಗು ಅಂಟುಜಾಡ್ಯದಂತೆ ಹರಡುವುದರಿಂದ, ಮನೆಯಲ್ಲಿ ಕುಳಿತವನಿಗೆ ಈ ಶಬ್ದ ‘ಇಲ್ಲಿ ನಗಬಹುದು’ ಎಂಬ ಅಪ್ಪಣೆಯಂತೆ ಕೇಳುತ್ತದೆ.

‘ಸೋಪ್’ ಕೂಡ ಪ್ರೇಕ್ಷಕರ ಎದುರಿಗೇ ಚಿತ್ರಿತವಾಗುತ್ತಿತ್ತು. ಆ ದಿನಗಳ ಬಗ್ಗೆ ಬಿಲ್ಲಿ ಕ್ರಿಸ್ಟಲ್ 2015ರಲ್ಲಿ ಹೇಳಿಕೊಂಡ ಸಂಗತಿಯೊಂದು ಮನಮುಟ್ಟುವಂಥದು. ಜೋಡಿಯಾಗಿ ಅವರು ತಮ್ಮ ಗೆಳೆಯನ ಪಾತ್ರದೊಡನೆ ಪ್ರೀತಿಯ ಮಾತನ್ನು ಹೇಳಿದಾಗ ಪ್ರೇಕ್ಷಕರು ಮುಜುಗರದಿಂದ ನಗುತ್ತಿದ್ದರಂತೆ. ಆ ಸಾಲು ಹಾಸ್ಯಕ್ಕಾಗಿ ಬರೆದದ್ದಲ್ಲ. ಚಿತ್ರೀಕರಣ ನಿಲ್ಲಿಸಿ, ನಿಮಗೇನು ತೊಂದರೆ ಎಂದು ಅವರನ್ನೇ ಕೇಳಿಬಿಡಬೇಕೆನ್ನಿಸುತ್ತಿತ್ತಂತೆ. ಒಬ್ಬ ಮನುಷ್ಯ ತನ್ನ ಮನಸ್ಸು ಬಿಚ್ಚಿದಾಗ ಎದುರಿನವರು ನಕ್ಕರೆ ಹೇಗಿರುತ್ತದೆ ಎಂಬುದನ್ನು, ಪಾತ್ರ ವಹಿಸಿದ ನಟನೇ ಅನುಭವಿಸಬೇಕಾಯಿತು.

ಹಾಗಾದರೆ ನಾನು ಈ ಧಾರಾವಾಹಿಯನ್ನು ಪ್ರೀತಿಯಿಂದ ನೆನೆಯುವುದೇಕೆ? ನಗೆ ಕ್ರಮೇಣ ದಿಕ್ಕು ಬದಲಿಸಿತು, ಅದಕ್ಕೆ. ಧಾರಾವಾಹಿಗೆ ಇರುವ ದೊಡ್ಡ ಶಕ್ತಿ ಕಾಲ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಬರುವವನು ಅತಿಥಿ. ವಾರವಾರವೂ ಮನೆಗೆ ಬರುವವನು ಕ್ರಮೇಣ ಮನೆಯವನಾಗುತ್ತಾನೆ. ಆರಂಭದಲ್ಲಿ ಅಣ್ಣತಮ್ಮಂದಿರ ನಡುವೆಯೇ ಮಾತು ನಿಂತುಹೋಗುತ್ತದೆ. ಜೋಡಿ ಇದ್ದದ್ದನ್ನು ಇದ್ದಂತೆ ಹೇಳಿದರೂ ಡ್ಯಾನಿ ನಂಬಲು ಒಪ್ಪುವುದಿಲ್ಲ. ಆ ದೃಶ್ಯದಲ್ಲಿ ನಗು ಬರುವುದು ಡ್ಯಾನಿಯ ಹಟಕ್ಕೆ. ಮಲತಂದೆ ಬರ್ಟ್‌ಗೂ ಮೊದಮೊದಲು ಜೋಡಿಯನ್ನು ಕಂಡರಾಗದು. ಕಾಲ ಕಳೆದಂತೆ ಅದೇ ಬರ್ಟ್ ಅವನನ್ನು ಮಗನೆಂದು ಒಪ್ಪಿಕೊಳ್ಳುತ್ತಾನೆ. ಇಷ್ಟರಲ್ಲಿ ನೋಡುವವರಿಗೂ ಒಂದು ಅರಿವಾಗಿರುತ್ತದೆ. ಕೊಲೆ, ವ್ಯಭಿಚಾರ, ಹುಚ್ಚಾಟಗಳಿಂದ ತುಂಬಿದ ಈ ಎರಡು ಮನೆಗಳಲ್ಲಿ ನೆಟ್ಟಗೆ ಯೋಚಿಸುವ, ನೊಂದವರ ಮಾತು ಕೇಳಿಸಿಕೊಳ್ಳುವ ಕೆಲವೇ ಮಂದಿಯಲ್ಲಿ ಜೋಡಿ ಒಬ್ಬ!

ಮುಂದೆ ಅವನಿಗೆ ವೆಂಡಿ ಎಂಬ ಮಗಳು ಹುಟ್ಟುತ್ತಾಳೆ. ಮಗು ಯಾರ ಬಳಿ ಬೆಳೆಯಬೇಕೆಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ಸಲಿಂಗಪ್ರೇಮಿಯೊಬ್ಬ ಒಳ್ಳೆಯ ತಂದೆಯಾಗಬಲ್ಲನೇ ಎಂಬ ಪ್ರಶ್ನೆ ಕಟಕಟೆಯಲ್ಲಿ ನಿಲ್ಲುತ್ತದೆ. ತೀರ್ಪು ಜೋಡಿಯ ಕಡೆಗೆ ಬರುತ್ತದೆ. ಮೂರು ವರ್ಷ ಅವನನ್ನು ನೋಡುತ್ತ ಬಂದ ವೀಕ್ಷಕ ಆ ತೀರ್ಪನ್ನು ತನ್ನ ಮನಸ್ಸಿನಲ್ಲಿ ಮೊದಲೇ ಕೊಟ್ಟಾಗಿರುತ್ತದೆ. ಭಾಷಣ ಮಾಡಿ ಇದನ್ನು ಸಾಧಿಸಲಾಗುತ್ತಿರಲಿಲ್ಲ.

ಇದೇ ಮಾತು ಟೇಟ್ ಮನೆಯ ಅಡುಗೆ-ಚಾಕರಿ ನೋಡಿಕೊಳ್ಳುವ ಕಪ್ಪು ಜನಾಂಗದ ಬೆನ್ಸನ್‌ಗೂ ಅನ್ವಯಿಸುತ್ತದೆ. ಹಳೆಯ ಹಾಸ್ಯಗಳಲ್ಲಿ ಅಂಥ ಆಳು ನಗೆಗೆ ಗುರಿ. ಇಲ್ಲಿ ಅವನೇ ಧಣಿಗಳ ಪೆದ್ದುತನವನ್ನು ಒಂದೇ ಮಾತಿನಲ್ಲಿ ಬಯಲು ಮಾಡುತ್ತಾನೆ. ಆ ಪಾತ್ರಕ್ಕಾಗಿ ರಾಬರ್ಟ್ ಗಿಯೋಮ್ 1979ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ಅದೇ ವರ್ಷ ‘ಬೆನ್ಸನ್’ ಹೆಸರಿನಲ್ಲೇ ಪ್ರತ್ಯೇಕ ಧಾರಾವಾಹಿ ಹೊರಟು 1986ರವರೆಗೆ ನಡೆಯಿತು.

‘ಸೋಪ್’ ತನ್ನ ಕಾಲವನ್ನು ಪೂರ್ಣ ಮೀರಿತ್ತೆಂದು ನಾನು ಹೇಳುವುದಿಲ್ಲ. ಲೇಖಕರು ಜೋಡಿಯನ್ನು ಮತ್ತೆ ಮತ್ತೆ ಹೆಂಗಸರ ಪ್ರೇಮದತ್ತ ತಿರುಗಿಸಿದರು. ಗಂಡಸಿನೊಡನೆ ನೆಮ್ಮದಿಯ ಬಾಳನ್ನು ಅವನಿಗೆ ಕೊಡಲೇ ಇಲ್ಲ. ಹೆಸರೇನೋ ಜೋಡಿ, ಆದರೆ ಕೊನೆಯವರೆಗೂ ಅವನಿಗೊಬ್ಬ ಜೋಡಿ ದೊರೆಯಲಿಲ್ಲ. ಕೊನೆಯ ಕಂತುಗಳಲ್ಲಿ ಸಂಮೋಹನದ ಎಡವಟ್ಟಿನಿಂದ ತಾನೊಬ್ಬ ಮುದುಕನೆಂದು ಅವನು ಭ್ರಮಿಸುತ್ತಾನೆ. ಅಲ್ಲಿಗೆ ಧಾರಾವಾಹಿಯೇ ನಿಂತುಹೋಯಿತು. ಬಿಟ್ಟುಹೋದ ಕೆಲಸವನ್ನು ಮುಂದಿನವರು ಎತ್ತಿಕೊಂಡರು. 1997ರಲ್ಲಿ ‘ಎಲೆನ್’ ಧಾರಾವಾಹಿಯ ನಾಯಕಿ ತಾನು ಸಲಿಂಗಪ್ರೇಮಿ ಎಂದು ತೆರೆಯ ಮೇಲೆ ಹೇಳಿಕೊಂಡಳು. 1998ರಲ್ಲಿ ‘ವಿಲ್ ಅಂಡ್ ಗ್ರೇಸ್’ ಬಂತು.

ನಮ್ಮ ದೇಶದಲ್ಲಿ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ ಸಾರಿದ್ದು 2018ರ ಸೆಪ್ಟೆಂಬರ್ 6ರಂದು. ಕಾನೂನು ಬದಲಾಯಿತು. ಆದರೆ ನಮ್ಮ ಹಾಸ್ಯ ಬದಲಾಯಿತೇ? ನಾಜೂಕಾಗಿ ನಡೆಯುವ ಹುಡುಗನನ್ನು ಕಂಡು ತರಗತಿಯ ಹಿಂದಿನ ಬೆಂಚಿನಲ್ಲಿ ಏಳುವ ನಗೆಯನ್ನು ನೀವೆಲ್ಲ ಕೇಳಿದ್ದೀರಿ. ಅಂಥ ನಗೆಯ ನಡುವೆ ಒಬ್ಬ ಹುಡುಗನೋ ಹುಡುಗಿಯೋ ನಗದೆ ಕುಳಿತಿರಬಹುದು, ಅಥವಾ ಸಿಕ್ಕಿಬೀಳುವ ಭಯದಿಂದ ತಾನೂ ನಗುತ್ತಿರಬಹುದು. ಮನೆಯಲ್ಲಿ ಟೀವಿಯ ಮುಂದೆಯೂ ಹಾಗೆಯೇ. ಕಾರ್ಯಕ್ರಮ ಮಾಡುವ ನಮಗೆ ಎದುರಿನ ಲಕ್ಷಾಂತರ ಮಂದಿ ಕಾಣುವುದಿಲ್ಲ, ಆದ್ದರಿಂದ ಈ ಒಬ್ಬರನ್ನು ಮರೆಯುವುದು ಸುಲಭ. ಪಕ್ಕದಲ್ಲೇ ಕುಳಿತಿರುವ ನೀವು ಮರೆಯಬೇಕಾಗಿಲ್ಲ.

ಮುಂದಿನ ಸಲ ಹಾಸ್ಯ ಕಾರ್ಯಕ್ರಮ ನೋಡುವಾಗ ಒಂದು ಸಣ್ಣ ಪ್ರಯೋಗ ಮಾಡಿ. ಧ್ವನಿಯನ್ನು ಸ್ವಲ್ಪ ತಗ್ಗಿಸಿ, ಆ ಸ್ಟುಡಿಯೋ ನಗೆಯಿಲ್ಲದೆಯೂ ನಿಮಗೆ ನಗು ಬರುತ್ತದೆಯೇ ನೋಡಿ. ಬಂದರೆ, ಅದು ಯಾರ ತಪ್ಪಿಗೆ ಬಂದ ನಗು ಎಂದು ಯೋಚಿಸಿ. ಹಟಮಾರಿಗೆ, ಜಂಬಗಾರನಿಗೆ, ಕಣ್ಣೆದುರಿನ ಸತ್ಯವನ್ನು ಒಪ್ಪದ ಡ್ಯಾನಿಯಂಥವನಿಗೆ ಬಂದ ನಗುವಾದರೆ ಮನಸಾರೆ ನಕ್ಕುಬಿಡಿ. ಯಾವ ತಪ್ಪನ್ನೂ ಮಾಡದವನನ್ನು ಕಂಡು ಬಂದ ನಗುವಾದರೆ, ಟೀವಿ ಆರಿಸುವ ಗುಂಡಿ ನಿಮ್ಮ ಕೈಯಲ್ಲೇ ಇದೆ.