ತಂಗಳು, ಎಂಜಲು ಮತ್ತು ಮಂದ ಉರಿಯ ಗಡಿಗೆ

(ಅಡುಗೆಮನೆ ಮತ್ತು ಕಾಡಿನ ಸಂಬಂಧ ಕುರಿತ ಉಪನ್ಯಾಸದ ಪಠ್ಯ)



ಕಾಡನ್ನು ಉಳಿಸುವ ಮಾತು ಬಂದಾಗಲೆಲ್ಲ ಗಣಿ, ಅಣೆಕಟ್ಟು, ಹೆದ್ದಾರಿಗಳ ಪ್ರಸ್ತಾಪ ಮೊದಲು ಬರುತ್ತದೆ. ಅದು ಸಹಜವೇ. ಆದರೆ ಮಲೆನಾಡಿನಲ್ಲಿ ಕಾಡಿನೊಡನೆ ದಿನವೂ ವ್ಯವಹಾರ ನಡೆಸುವ ಸ್ಥಳ ಅಡುಗೆಮನೆ. ಸೌದೆ ಅಲ್ಲಿಗೆ ಬರುತ್ತದೆ. ಮಿಕ್ಕ ಅನ್ನ, ಸಾರು, ಮೂಳೆ, ತರಕಾರಿಯ ತುದಿಗಳು ಅಲ್ಲಿಂದ ಹೊರಗೆ ಹೋಗುತ್ತವೆ. ಬರುವುದನ್ನೂ ಹೋಗುವುದನ್ನೂ ಒಂದೇ ಗಡಿಗೆಯಲ್ಲಿ ಕಡಿಮೆ ಮಾಡುವ ಬಗೆ ಯಾವುದು ಎಂಬುದು ಇಂದಿನ ವಿಷಯ. ಉಳಿದ ಮಾಂಸ ಹಾಗೂ ತರಕಾರಿಗಳಿಂದ ಮಂದ ಉರಿಯಲ್ಲಿ ತಯಾರಾಗುವ ಗಟ್ಟಿ ಸೂಪು ಇಲ್ಲಿ ಉದಾಹರಣೆ. ಮಾಂಸ ತಿನ್ನದವರು ಅದೇ ಕ್ರಮವನ್ನು ಬೇಳೆ, ಕಾಳುಗಳಿಗೆ ಅನ್ವಯಿಸಿಕೊಳ್ಳಬಹುದು.

ಮಿಕ್ಕ ಊಟಕ್ಕೆ ಕನ್ನಡದಲ್ಲಿ ಎರಡು ಹೆಸರುಗಳಿವೆ. ಪಾತ್ರೆಯಲ್ಲಿ ಉಳಿದು ಹೊತ್ತು ಕಳೆದದ್ದು ತಂಗಳು. ಎಲೆಯಲ್ಲಿ, ತಟ್ಟೆಯಲ್ಲಿ ಕೈಬಾಯಿ ಸೋಕಿ ಉಳಿದದ್ದು ಎಂಜಲು. ಮೊದಲನೆಯದು ಇನ್ನೂ ಆಹಾರ. ಎರಡನೆಯದು ಗೊಬ್ಬರದ ಗುಂಡಿಗೆ ಸೇರಬೇಕಾದದ್ದು. ಈಚೆಗೆ ಎರಡಕ್ಕೂ 'ವೇಸ್ಟು' ಎಂಬ ಒಂದೇ ಹೆಸರು ಬಂದಿದೆ. ಹೆಸರು ಒಂದಾದೊಡನೆ ವಿವೇಕವೂ ಮಂಕಾಯಿತು. ತಿನ್ನಬಹುದಾದದ್ದೂ ತಿನ್ನಲಾಗದ್ದೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ರಸ್ತೆಯ ತಿರುವಿಗೆ ಬಂದು ಬೀಳತೊಡಗಿದವು.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ. ಅದರಲ್ಲಿ ಶೇಕಡಾ 60ರಷ್ಟು ಮನೆಗಳಿಂದಲೇ ಹೊರಬಿದ್ದದ್ದು. ರಾಶಿಯಾಗಿ ಬಿದ್ದು ಗಾಳಿಯಾಡದೆ ಕೊಳೆಯುವ ಆಹಾರದಿಂದ ಮೀಥೇನ್ ಅನಿಲ ಹೊರಡುತ್ತದೆ. 20 ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡಬಲ್ಲದು. ಬೆಟ್ಟದ ಊರುಗಳಲ್ಲಿ ಪರಿಣಾಮ ಇನ್ನೂ ಹತ್ತಿರದ್ದು. ಕಾಡಿನ ಅಂಚಿಗೆ ಎಸೆದ ಅನ್ನ, ತರಕಾರಿಗೆ ಕಾಡುಹಂದಿ, ಮಂಗಗಳು ಬರುತ್ತವೆ. ಬಂದವು ತೋಟಕ್ಕೂ ಇಳಿಯುತ್ತವೆ. ಎಸೆದ ಮೂಳೆಗೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಮದುವೆಯ ಛತ್ರದ ಹಿಂದಿನ ಹಳ್ಳ, ಪ್ರವಾಸಿಗರ ವಸತಿಗೃಹದ ಕೆಳಗಿನ ತೊರೆ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಇಲ್ಲಿರುವವರಿಗೆ ವಿವರಿಸುವ ಅಗತ್ಯವಿಲ್ಲ.

ಈಗ ಮಂದ ಉರಿಯ ಗಡಿಗೆಯ ಕಥೆ. ಅಮೆರಿಕದ ಮನೆಗಳಲ್ಲಿ 'ಸ್ಲೋ ಕುಕ್ಕರ್' ಎಂದು ಹೆಸರಾದ ವಿದ್ಯುತ್ ಪಾತ್ರೆಯ ಮೂಲ ಯುರೋಪಿನ ಯಹೂದ್ಯರ ಒಂದು ಧಾರ್ಮಿಕ ನಿಯಮದಲ್ಲಿದೆ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಅವರು ಬೆಂಕಿ ಹೊತ್ತಿಸುವಂತಿಲ್ಲ. ಆದರೂ ಹಬ್ಬದ ದಿನ ಬಿಸಿಯೂಟ ಬೇಕು. ಲಿಥುವೇನಿಯದ ವಿಲ್ನಾ ಪಟ್ಟಣದಲ್ಲಿ ಅವರು ಶುಕ್ರವಾರವೇ ಕಾಳು, ಬಾರ್ಲಿ, ಆಲೂಗಡ್ಡೆ, ಮಾಂಸ ತುಂಬಿದ ಗಡಿಗೆಗಳನ್ನು ರೊಟ್ಟಿ ಸುಡುವ ಬೇಕರಿಗೆ ಒಯ್ದು, ಆರುತ್ತಿರುವ ಒಲೆಯೊಳಗೆ ಇರಿಸುತ್ತಿದ್ದರು. ಒಲೆಯ ಗೋಡೆಯಲ್ಲಿ ಉಳಿದ ಕಾವಿನಲ್ಲೇ ರಾತ್ರಿಯಿಡೀ ಬೆಂದ ಆ ಅಡುಗೆಯ ಹೆಸರು ಚೋಲೆಂಟ್. ತಾಯಿಯಿಂದ ಈ ವಿಷಯ ಕೇಳಿ ತಿಳಿದಿದ್ದ ಅಮೆರಿಕದ ಎಂಜಿನಿಯರ್ ಅರ್ವಿಂಗ್ ನ್ಯಾಕ್ಸನ್, ಸುತ್ತಲೂ ಹದವಾಗಿ ಕಾಯುವ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ಅವರ ಉದ್ಯಮವನ್ನು ಕೊಂಡ ರೈವಲ್ ಕಂಪನಿ, ಮರುವರ್ಷ ಅದನ್ನು 'ಕ್ರಾಕ್-ಪಾಟ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಹೊರಗೆ ದುಡಿಯಲು ಹೋಗುವ ಹೆಂಗಸರ ಸಂಖ್ಯೆ ಏರುತ್ತಿದ್ದ ಆ ದಶಕದಲ್ಲಿ ಅದು ಮನೆಮನೆ ಸೇರಿತು.

ಆರುವ ಕಾವನ್ನು ಬಳಸುವ ಈ ಜಾಣ್ಮೆ ಮಲೆನಾಡಿಗೂ ಹೊಸತಲ್ಲ. ದೊಡ್ಡ ಒಲೆಗೆ ಅಂಟಿಕೊಂಡ ಕೋಡೊಲೆಗೆ ಬೇರೆ ಸೌದೆ ಹಾಕುವವರಿಲ್ಲ. ಮುಂದಿನ ಒಲೆಯಿಂದ ಹಾದು ಬಂದ ಉರಿಯಲ್ಲೇ ಬೇಳೆ ಬೇಯುತ್ತದೆ. ಬಚ್ಚಲೊಲೆಯ ಕೆಂಡದಲ್ಲಿ ಹಲಸಿನ ಬೀಜ, ಗೆಣಸು ಹುದುಗಿಸಿಡುವ ಅಜ್ಜಿಯಂದಿರು ಬಳಸಿದ್ದು ಇದೇ ತತ್ತ್ವವನ್ನು.

ಆ ತತ್ತ್ವದ ಲೆಕ್ಕ ಸರಳ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು ಸುಮಾರು 315 ಕಿಲೋಜೂಲ್ ಶಾಖ ಸಾಕು. ಅದೇ ಲೀಟರನ್ನು ಪೂರ್ತಿ ಆವಿಯಾಗಿಸಲು ಸುಮಾರು 2,260 ಕಿಲೋಜೂಲ್, ಅಂದರೆ ಏಳು ಪಟ್ಟು, ಬೇಕು. ಕುದಿ ಬಂದ ಮೇಲೆ ಉರಿ ಹೆಚ್ಚಿಸಿದರೆ ತೆರೆದ ಪಾತ್ರೆಯ ನೀರಿನ ಬಿಸಿ ಹೆಚ್ಚುವುದಿಲ್ಲ. ಆವಿ ಮಾತ್ರ ಹೆಚ್ಚುತ್ತದೆ. ಮುಚ್ಚಳವಿಲ್ಲದೆ ಕೊತಕೊತ ಕುದಿಯುವ ಗಡಿಗೆ ಬೇಯಿಸುತ್ತಿರುವುದು ಸಾರನ್ನಲ್ಲ, ಅಟ್ಟದ ಗಾಳಿಯನ್ನು. ಮಾಂಸದ ನಾರು, ಮೂಳೆಯ ಸಂದುಗಳಲ್ಲಿರುವ ಕೊಲಾಜನ್ ಎಂಬ ಅಂಶ ಕರಗಿ ಸೂಪಿಗೆ ಅಂಟು, ಗಟ್ಟಿತನ ಕೊಡಲು ಬೇಕಾದದ್ದು ಭಾರೀ ಉರಿಯಲ್ಲ, ದೀರ್ಘ ಸಮಯ. ತಾಳಿದವನು ಬಾಳಿಯಾನು ಎಂಬ ಮಾತು ಗಡಿಗೆಗೂ ಸಲ್ಲುತ್ತದೆ.

ಇನ್ನು ಪಾಕದ ಕ್ರಮ. ಆರು ಮಂದಿಗೆ ಸಾಕಾಗುವಷ್ಟು ಸೂಪಿಗೆ, ಮೂಳೆಸಹಿತ ಉಳಿದಿರುವ ಬೇಯಿಸಿದ ಕೋಳಿ ಅಥವಾ ಕುರಿಮಾಂಸ ಸುಮಾರು ಅರ್ಧ ಕಿಲೋ. ಎರಡು ಈರುಳ್ಳಿ, ಎರಡು ಕ್ಯಾರೆಟ್, ಒಂದು ನವಿಲುಕೋಸು, ಹಿಡಿ ಬೀನ್ಸ್, ಸಾಮಾನ್ಯವಾಗಿ ಎಸೆಯುವ ಎಲೆಕೋಸಿನ ದಂಟು. ಗಟ್ಟಿತನಕ್ಕೆ ಸಿಪ್ಪೆ ತೆಗೆದ ಹದಿನೈದು ಇಪ್ಪತ್ತು ಹಲಸಿನ ಬೀಜ; ಇಲ್ಲವಾದರೆ ಎರಡು ಆಲೂಗಡ್ಡೆ. ಒಂದು ತುಂಡು ಶುಂಠಿ, ಆರು ಎಸಳು ಬೆಳ್ಳುಳ್ಳಿ, ಒಂದು ಚಮಚ ಜಜ್ಜಿದ ಕಾಳುಮೆಣಸು, ಎರಡು ಲೀಟರ್ ನೀರು. ಉಳಿದ ಮಾಂಸದಲ್ಲಿ ಉಪ್ಪು, ಮಸಾಲೆ ಮೊದಲೇ ಇರುವುದರಿಂದ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿ ಹಾಕಬೇಕು.

ಮೊದಲು ಮಾಂಸವನ್ನು ಮೂಳೆಯಿಂದ ಬಿಡಿಸಿ ಫ್ರಿಜ್‌ನಲ್ಲಿಡಬೇಕು. ಮೂಳೆ, ಶುಂಠಿ, ಬೆಳ್ಳುಳ್ಳಿಗಳನ್ನು ನೀರಿನಲ್ಲಿ ಹಾಕಿ ಒಲೆಯ ಮೇಲೆ ಹದಿನೈದು ನಿಮಿಷ ಚೆನ್ನಾಗಿ ಕುದಿಸಬೇಕು. ಸ್ಲೋ ಕುಕ್ಕರಿನಲ್ಲಿ ಗಟ್ಟಿ ತರಕಾರಿ ಹಾಗೂ ಹಲಸಿನ ಬೀಜ ತಳಕ್ಕೆ, ಅದರ ಮೇಲೆ ಮೂಳೆ, ಕುದಿಯುವ ನೀರು. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಬೇಕು. ಕಡಿಮೆ ಕಾವಿನಲ್ಲಿ ಆರರಿಂದ ಎಂಟು ಗಂಟೆ ಬಿಡಬೇಕು. ನಡುನಡುವೆ ಮುಚ್ಚಳ ತೆರೆದರೆ ಕಾವು ಇಳಿಯುತ್ತದೆ. ಬೀನ್ಸಿನಂಥ ಮೆದು ತರಕಾರಿಯನ್ನು ಕೊನೆಯ ಎರಡು ಗಂಟೆಯಲ್ಲಿ ಸೇರಿಸಿದರೆ ಸಾಕು. ಉಣ್ಣುವುದಕ್ಕೆ ಅರ್ಧ ಗಂಟೆ ಮುಂಚೆ ಮೂಳೆಗಳನ್ನು ತೆಗೆದು, ಬೇರೆ ಪಾತ್ರೆಯಲ್ಲಿ ಕುದಿಸಿದ ಮಾಂಸದ ಚೂರುಗಳನ್ನೂ ಕಾಳುಮೆಣಸನ್ನೂ ಬೆರೆಸಬೇಕು. ತಣ್ಣಗಿನ ಮಾಂಸವನ್ನು ನೇರವಾಗಿ ಹಾಕಬಾರದು.

ಇಲ್ಲಿ ಎಚ್ಚರಿಕೆಯ ಮಾತುಗಳಿವೆ. ಸುಮಾರು 5ರಿಂದ 60 ಡಿಗ್ರಿಯ ನಡುವೆ ಆಹಾರದಲ್ಲಿ ರೋಗಾಣುಗಳು ಬೆಳೆಯುತ್ತವೆ. 'ಮತ್ತೆ ಕುದಿಸಿದರೆ ಎಲ್ಲ ಸರಿಹೋಗುತ್ತದೆ' ಎಂಬ ನಂಬಿಕೆ ತಪ್ಪು. ಕೆಲವು ರೋಗಾಣುಗಳು ಬಿಟ್ಟ ವಿಷ ಕುದಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಊಟ ಮುಗಿದ ಎರಡು ಗಂಟೆಯೊಳಗೆ ಉಳಿದದ್ದನ್ನು ಫ್ರಿಜ್ ಸೇರಿಸಬೇಕು, ಮೂರು ನಾಲ್ಕು ದಿನದೊಳಗೆ ಬಳಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಮಾಂಸವನ್ನು ಮರುದಿನಕ್ಕೆ ಇಡದೆ ಅಂದೇ ಗಡಿಗೆಗೆ ಹಾಕುವುದು ಕ್ಷೇಮ. ತೆಂಗಿನಕಾಯಿ ಅರೆದು ಹಾಕಿದ ಸಾರು ಬೇಗ ಹಳಸುತ್ತದೆ. ಅದು ಈ ಸೂಪಿಗೆ ತಕ್ಕದ್ದಲ್ಲ. ರಾಜ್ಮಾ ಸೇರಿಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಜೋರಾಗಿ ಕುದಿಸಿದ ಮೇಲೆಯೇ ಸೇರಿಸಬೇಕು. ಹಸಿ ರಾಜ್ಮಾದಲ್ಲಿರುವ ವಿಷಕಾರಿ ಲೆಕ್ಟಿನ್ ಮಂದ ಕಾವಿನಲ್ಲಿ ನಾಶವಾಗದೆ ಉಳಿದೀತು.

ಹಾಗಾದರೆ ಪ್ರತಿ ಮನೆಯೂ ಈ ಪಾತ್ರೆಯನ್ನು ಕೊಳ್ಳಬೇಕೆ? ಬೇಕಿಲ್ಲ. 200 ವ್ಯಾಟಿನ ಪಾತ್ರೆ 8 ಗಂಟೆ ಬಿಡದೆ ನಡೆದರೆ 1.6 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ತುಂಡಾದರೆ ಅರೆಬೆಂದ ಸೂಪು ಅಪಾಯದ ಕಾವಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಜನರಿದ್ದರೆ ಕೂಡಲೇ ಒಲೆಗೆ ವರ್ಗಾಯಿಸಬಹುದು; ಯಾರೂ ಇಲ್ಲದಾಗ ಎಷ್ಟು ಹೊತ್ತು ಕರೆಂಟು ಹೋಗಿತ್ತೆಂದು ತಿಳಿಯದಿದ್ದರೆ ಚೆಲ್ಲುವುದೇ ಉಳಿದ ದಾರಿ. ಅವಸರಕ್ಕೆ ಪ್ರೆಶರ್ ಕುಕ್ಕರ್ ಇದ್ದೇ ಇದೆ. ಇಂಧನ ಉಳಿತಾಯದಲ್ಲಿ ಅದೂ ಹಿಂದೆ ಬಿದ್ದಿಲ್ಲ.

ಕೊಳ್ಳದೆ ಆಗುವ ಉಪಾಯ ಹುಲ್ಲುಪೆಟ್ಟಿಗೆ. ಎರಡೂ ಮಹಾಯುದ್ಧಗಳ ಕಾಲದಲ್ಲಿ ಇಂಧನದ ಕೊರತೆಯಿದ್ದ ಬ್ರಿಟನ್ನಿನ ಗೃಹಿಣಿಯರು ಇದನ್ನು ಬಳಸಿದರು. ಮರದ ಪೆಟ್ಟಿಗೆ ಅಥವಾ ದೊಡ್ಡ ಬುಟ್ಟಿಯ ತಳ ಹಾಗೂ ಸುತ್ತ ಒಂದು ಗೇಣಿನಷ್ಟು ಒಣ ಭತ್ತದ ಹುಲ್ಲನ್ನು ಒತ್ತಾಗಿ ತುಂಬಬೇಕು. ಹದಿನೈದು ಇಪ್ಪತ್ತು ನಿಮಿಷ ಕುದಿದ, ಮುಕ್ಕಾಲು ತುಂಬಿದ, ಬಿಗಿ ಮುಚ್ಚಳದ ಪಾತ್ರೆಯನ್ನು ಒಳಗಿಟ್ಟು, ಮೇಲೆ ಹುಲ್ಲು ತುಂಬಿದ ಗೋಣಿ, ಅದರ ಮೇಲೆ ಹಳೆಯ ಕಂಬಳಿ ಹೊದಿಸಬೇಕು. ಮೂರು ನಾಲ್ಕು ಗಂಟೆಯ ಮೇಲೆ ತೆಗೆದು, ಮತ್ತೊಮ್ಮೆ ಚೆನ್ನಾಗಿ ಕುದಿಸಿ ಬಡಿಸಬೇಕು. ಮಾಂಸದ ಅಡುಗೆಯನ್ನು ರಾತ್ರಿಯಿಡೀ ಇದರಲ್ಲಿ ಬಿಡಬಾರದು. ಸೌದೆ ಉರಿಸುವವರಿಗೆ ಸುಧಾರಿತ ಒಲೆಯೂ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ 'ಅಸ್ತ್ರ' ಕೇಂದ್ರ ರೂಪಿಸಿದ ಮೂರು ಬಾಯಿಯ ಅಸ್ತ್ರ ಒಲೆ, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವುದರ ಜೊತೆಗೆ ಸೌದೆಯನ್ನೂ ಉಳಿಸುತ್ತದೆ.

ಕೊನೆಯದಾಗಿ ಒಂದು ಮಾತು ಬಾಕಿಯಿದೆ. ತಂಗಳು ಎಂಬ ಮಾತಿನ ಹಿಂದೆ ಅವಮಾನದ ನೆನಪೂ ಇದೆ. ಬಿಸಿಯದು ಒಳಗಿನವರಿಗೆ, ಆರಿದ್ದು ಕೆಲಸದವರಿಗೆ ಎಂಬ ಪದ್ಧತಿ ಅನೇಕ ಮನೆಗಳಲ್ಲಿತ್ತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಒಬ್ಬಳೇ ತಿಂದು ಮುಗಿಸುವ ಗೃಹಿಣಿ ಇಂದಿಗೂ ಪ್ರತಿ ಊರಿನಲ್ಲಿದ್ದಾಳೆ. ವ್ಯರ್ಥ ಮಾಡಬಾರದೆಂಬ ಹೊಣೆ ಅವಳೊಬ್ಬಳ ಹೊಟ್ಟೆಯ ಮೇಲೆ ಬಿದ್ದರೆ ಅದು ಪರಿಸರ ಕಾಳಜಿಯಾಗದು. ಮಿಕ್ಕದ್ದರಿಂದ ಮಾಡಿದ ಸೂಪು ಮನೆಯ ಯಜಮಾನನಿಗೂ, ಮಗುವಿಗೂ, ತೋಟದ ಕೆಲಸಕ್ಕೆ ಬಂದವರಿಗೂ ಅದೇ ಗಡಿಗೆಯಿಂದ, ಅದೇ ಬಿಸಿಯಲ್ಲಿ ಬಡಿಸುವಂತಾಗಬೇಕು. ಆಗ ಕಾಡಿನ ಸೌದೆಯೂ ಉಳಿಯುತ್ತದೆ, ಹಳ್ಳದ ನೀರೂ ಉಳಿಯುತ್ತದೆ, ಅಡುಗೆಮನೆಯಲ್ಲಿ ನಿಂತವಳ ಮಾನವೂ ಉಳಿಯುತ್ತದೆ.