ಅಂಗಳದ ಜಗುಲಿ



“ಮನೆಗೆ ಪರವಾನಗಿ ಸರಿ ಮೇಷ್ಟ್ರೇ, ನಮ್ಮ ಅಂಗಳದಲ್ಲಿ ನಾವು ಕೂರುವ ಜಗುಲಿಗೂ ಬೇಕೇ?” ಎಂದು ತುಮಕೂರಿನಲ್ಲಿ ಮನೆ ಕಟ್ಟಿಸುವವರು ಕೇಳುವುದುಂಟು. ಪ್ರಶ್ನೆ ಸಣ್ಣದು, ಆದರೆ ಕಟ್ಟಿದ ಮೇಲೆ ಕೆಡವಬೇಕಾಗಿ ಬಂದರೆ ಕಲ್ಲು, ಗಾರೆ, ಕೂಲಿ ಎಲ್ಲವೂ ದಂಡವೇ.

ಗುಬ್ಬಿ, ಕುಣಿಗಲ್ ಸೀಮೆಯ ಹಳೆಯ ಮನೆಗಳಿಗೆ ಜಗುಲಿಯೆಂದರೆ ಮನೆಯ ಮುಖ. ದಾರಿಹೋಕರು ದಣಿವಾರಿಸಿಕೊಳ್ಳುತ್ತಿದ್ದುದೂ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದುದೂ ಅಲ್ಲಿಯೇ. ಇಂದಿನ ನಿವೇಶನಗಳಲ್ಲಿ ಅದು ಪಕ್ಕಕ್ಕೋ ಹಿತ್ತಲಿಗೋ ಸರಿದಿದೆ. ಕಲ್ಲಿನ ಬದಲು ಮರದ ಹಲಗೆ ಹಾಸುವವರೂ ಇದ್ದಾರೆ.

ತುಮಕೂರಿಗೆ ಅನ್ವಯಿಸುವ 1976ರ ಕರ್ನಾಟಕ ನಗರಪಾಲಿಕೆಗಳ ಅಧಿನಿಯಮದಲ್ಲಿ ‘ಕಟ್ಟಡ’ ಎಂಬ ಪದದ ಅರ್ಥವ್ಯಾಪ್ತಿ ದೊಡ್ಡದು. ಮನೆ, ಲಾಯಗಳ ಜೊತೆಗೆ ಗೋಡೆ, ಬೇಲಿ, ಜಗುಲಿಯೂ ಅದರೊಳಗೆ. ಇಟ್ಟಿಗೆಯದಾಗಲಿ, ಮಣ್ಣಿನದಾಗಲಿ, ಮರದ್ದಾಗಲಿ. ನಿಘಂಟು ಬರೆಯುವವರೂ ಇಷ್ಟು ಧಾರಾಳ ತೋರುವುದಿಲ್ಲ! ಗುಬ್ಬಿ, ಕುಣಿಗಲ್ ಪಟ್ಟಣಗಳಿಗೆ 1964ರ ಪುರಸಭೆಗಳ ಅಧಿನಿಯಮ. ಅಲ್ಲಿಯೂ ಕಟ್ಟಡದ ಕೆಲಸಕ್ಕೆ ಮುಂಚಿತವಾಗಿ ತಿಳಿಸಿ ಅಪ್ಪಣೆ ಪಡೆಯಬೇಕು.

ಇನ್ನು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಮೇಲೆ ಬಯಲಾಗಿದ್ದು ಸುತ್ತ ಗೋಡೆಯಿಲ್ಲದ ಜಗುಲಿಯನ್ನೂ ಮರದ ಸುತ್ತಲಿನ ಕಟ್ಟೆಯನ್ನೂ ಅದು ಕಟ್ಟಡ ಆವರಿಸಿದ ಜಾಗದ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದನ್ನೇ ಹಿಡಿದು “ಅಪ್ಪಣೆಯೇ ಬೇಡ ಸ್ವಾಮಿ” ಎನ್ನುವ ಮೇಸ್ತ್ರಿಗಳಿದ್ದಾರೆ. ಲೆಕ್ಕಕ್ಕೆ ಸೇರದಿರುವುದು ಬೇರೆ, ಕೇಳದೆ ಕಟ್ಟುವುದು ಬೇರೆ. ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿದಿರೋ, ಆ ರಿಯಾಯಿತಿಯೂ ಹೋಯಿತು.

ನನಗೆ ಹೆಚ್ಚು ಕಳವಳ ತರುವುದು ಚರಂಡಿಯ ಮೇಲೆ ಚಪ್ಪಡಿ ಹಾಸಿ ಬೀದಿಗೆ ಚಾಚಿದ ಜಗುಲಿ. ಅದರಡಿ ಹೂಳೆತ್ತಲು ಕೈ ಹೋಗದು. ಜೋರು ಮಳೆ ಬಂದರೆ ನೀರು ಕಟ್ಟಿಸಿದವರ ಮನೆಗೆ ನುಗ್ಗುವುದಿಲ್ಲ, ಅವರದು ಎತ್ತರದಲ್ಲಿರುತ್ತದೆ. ತಗ್ಗಿನಲ್ಲಿರುವ ಪಕ್ಕದ ಮನೆಯ ಅಜ್ಜಿ ರಾತ್ರಿಯೆಲ್ಲ ಚೊಂಬಿನಲ್ಲಿ ನೀರು ಮೊಗೆದು ಹೊರಹಾಕಬೇಕು. ಬೀದಿಯ ಜಾಗವನ್ನು ನಮ್ಮದೆನ್ನಲು ಯಾವ ನಕ್ಷೆಯೂ ಹಕ್ಕು ಕೊಡದು.

ಮನೆಯ ನಕ್ಷೆ ಬರೆಸುವಾಗಲೇ ಜಗುಲಿಯನ್ನೂ ಗುರುತು ಮಾಡಿಸಿ. ಎತ್ತರವೆಷ್ಟು, ಗಡಿಯಿಂದ ದೂರವೆಷ್ಟು, ನೀರಿನ ವಾಟ ಯಾವ ಕಡೆಗೆ ಎಂಬುದೂ ಅದರಲ್ಲಿರಲಿ. ಸುತ್ತ ಬಿಡಬೇಕಾದ ತೆರಪು ನಿವೇಶನದ ಅಳತೆಗೆ ತಕ್ಕಂತೆ ಬೇರೆಯಾಗುವುದರಿಂದ ಅದನ್ನು ಕಚೇರಿಯಲ್ಲೇ ವಿಚಾರಿಸಿಕೊಳ್ಳಿ. ಅರ್ಜಿ ಕೊಟ್ಟದ್ದಕ್ಕೆ ರಸೀತಿ ಪಡೆದು ಜೋಪಾನವಾಗಿಡಿ; ಮಂಜೂರಾದ ನಕ್ಷೆ ಕೈಗೆ ಬಂದ ಮೇಲೆಯೇ ಗಾರೆಯವರನ್ನು ಕರೆಯಿರಿ.