ಊರಿನ ಲೆಕ್ಕ



ಸಕಲೇಶಪುರದಿಂದ ಆನೇಮಹಲ್ ಕಡೆ ಹೊರಟರೆ ಮಂಗಳೂರು ಹೆದ್ದಾರಿಯ ಬದಿಯಲ್ಲಿ ಹೋಂಸ್ಟೇ ಫಲಕಗಳು ಕಾಣುತ್ತವೆ. ಕಾಫಿ, ಮೆಣಸು, ಏಲಕ್ಕಿಯ ಸೀಮೆಗೆ ಈಗ ಪ್ರವಾಸಿಗರೂ ಆದಾಯ ತರುತ್ತಾರೆ. ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ ನೋಡಲು ಬಂದವರು ದಾರಿಯಲ್ಲಿ ಊಟ ಮಾಡುತ್ತಾರೆ, ಜೇನು ಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಮುಂಗಾರಿನಲ್ಲಿ ಚರಂಡಿಗೆ ಅಡ್ಡ ನಿಲ್ಲುವ ಪ್ಲಾಸ್ಟಿಕ್ ಬಾಟಲಿ, ಊಟದ ತಟ್ಟೆಗಳನ್ನು ಎತ್ತುವವರು ಯಾರು? ಗಳಿಕೆ ಮನೆಗೆ, ಕೊಳೆ ಊರಿಗೆ ಎಂಬ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಕಸದ ಗಾಡಿ, ಬೀದಿದೀಪ, ಕುಡಿಯುವ ನೀರಿನ ಖರ್ಚು ಕೇಳುವ ಜಾಗ ಅದೇ. ತೋಟದ ಮಾಲೀಕರಿಗೂ ಹಣ್ಣು ಕೊಯ್ಯುವ ಹೆಣ್ಣುಮಕ್ಕಳಿಗೂ ಅಲ್ಲಿ ಸಮಾನ ಹಕ್ಕು. ಬಂದರೆ ಕೂಲಿ ಹೋಗುತ್ತದಲ್ಲ ಎಂಬ ಅವರ ಮಾತು ನಿಜ. ಮಾಲೀಕರೇ, ಅಂದು ಕೂಲಿ ಮುರಿಯದೆ ಅವರನ್ನು ಸಭೆಗೆ ಕಳಿಸಿಕೊಡಿ. ನೀವೂ ಬನ್ನಿ.